ಲೆಕ್ಕದ ಕೋಣೆಗೆ ಹೊರಬಾಗಿಲು: ಪೋರ್ಟ್ ಫಾರ್ವರ್ಡಿಂಗ್ ಮಾಡುವ ಮುನ್ನ

ವಿಜಯಪುರದ ವ್ಯಾಪಾರ ಇಂದು ಒಂದೇ ಸೂರಿನಡಿ ನಡೆಯುವುದಿಲ್ಲ. ಅಡತಿ ಅಂಗಡಿ ನಗರದಲ್ಲಿ, ಒಣದ್ರಾಕ್ಷಿಯ ದಾಸ್ತಾನು ತಿಕೋಟಾದ ಶೀತಲಗೃಹದಲ್ಲಿ, ಗೋದಾಮು ಬಬಲೇಶ್ವರದಲ್ಲಿ ಇದ್ದು, ಟ್ಯಾಲಿಯ ಲೆಕ್ಕಪತ್ರಗಳುಳ್ಳ ಗಣಕಯಂತ್ರ ಮಾತ್ರ ಮಾಲೀಕರ ಮನೆಯಲ್ಲಿರುವುದುಂಟು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 35ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ಪ್ರತಿಯೊಂದು ವ್ಯವಹಾರ ಸ್ಥಳದ ಲೆಕ್ಕ ಆಯಾ ಸ್ಥಳದಲ್ಲಿರಬೇಕು; ಅದನ್ನು ವಿದ್ಯುನ್ಮಾನ ರೂಪದಲ್ಲಿಡಲು ಅವಕಾಶವಿದೆ. ಆದುದರಿಂದ ಗೋದಾಮಿನಲ್ಲಿ ಕುಳಿತ ದಿವಾಣಜಿಯು ಮನೆಯ ಗಣಕಯಂತ್ರದ ಲೆಕ್ಕವನ್ನು ನೋಡುವಂತಾಗಬೇಕೆಂಬ ಬೇಡಿಕೆ ಸಹಜವಾದದ್ದೇ. ಇದಕ್ಕೆ ಹಲವರು ಹಿಡಿಯುವ ದಾರಿ ಪೋರ್ಟ್ ಫಾರ್ವರ್ಡಿಂಗ್.

ಹಾಗೆಂದರೇನು?

ಮನೆಯ ರೂಟರ್ ನಮ್ಮ ನಗರದ ಕೋಟೆಗೋಡೆಯಂತೆ. ಒಳಗಿನ ಗಣಕಯಂತ್ರ, ಮೊಬೈಲ್, ಕ್ಯಾಮರಾಗಳಿಗೆ 192.168 ರಿಂದ ಆರಂಭವಾಗುವ ಖಾಸಗಿ ವಿಳಾಸಗಳಿರುತ್ತವೆ. ಹೊರಜಗತ್ತಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಒಳಗಿನವರು ಹೊರಹೋಗಬಹುದು, ಹೊರಗಿನವರು ತಾವಾಗಿ ಒಳಬರಲಾರರು. 65,535ರವರೆಗೆ ಸಂಖ್ಯೆ ಹೊಂದಿದ ದ್ವಾರಗಳ ಪೈಕಿ ಒಂದನ್ನು ತೆರೆದು, ಅಲ್ಲಿಗೆ ಬಂದವರನ್ನು ನಿರ್ದಿಷ್ಟ ಯಂತ್ರದ ಬಳಿಗೆ ಕಳುಹಿಸೆಂದು ರೂಟರಿಗೆ ಅಪ್ಪಣೆ ಮಾಡುವುದೇ ಪೋರ್ಟ್ ಫಾರ್ವರ್ಡಿಂಗ್.

ವಿಧಾನ

ಮೊದಲು ರೂಟರಿನ ಸ್ಥಿತಿ ಪುಟದಲ್ಲಿ ಹೊರವಿಳಾಸವನ್ನು ನೋಡಬೇಕು. ಅದು 10 ರಿಂದಾಗಲಿ, 100.64 ರಿಂದ 100.127ರ ನಡುವಿನ ಅಂಕಿಗಳಿಂದಾಗಲಿ ಆರಂಭವಾದರೆ, ಸೇವಾ ಸಂಸ್ಥೆಯು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದರ್ಥ. ಏಷ್ಯಾ ವಲಯದಲ್ಲಿ 2011ರಿಂದಲೇ ಹಳೆಯ ಮಾದರಿಯ ವಿಳಾಸಗಳಿಗೆ ಕೊರತೆ ಇರುವುದು ಇದಕ್ಕೆ ಕಾರಣ. ಇಂತಹ ಸಂಪರ್ಕದಲ್ಲಿ ಎಷ್ಟು ಪ್ರಯತ್ನಿಸಿದರೂ ದ್ವಾರ ತೆರೆಯದು. ಪ್ರತ್ಯೇಕ ಶುಲ್ಕ ತೆತ್ತು ಸ್ಥಿರ ವಿಳಾಸ ಪಡೆಯಬೇಕಾಗುತ್ತದೆ.

ಎರಡನೆಯದಾಗಿ, ಲೆಕ್ಕದ ಗಣಕಯಂತ್ರಕ್ಕೆ ಒಳವಿಳಾಸವೊಂದನ್ನು ಕಾಯ್ದಿರಿಸಬೇಕು. ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ವಿಳಾಸ ಬದಲಾಗಿ ಸಂಪರ್ಕ ತಪ್ಪೀತು. ಬಳಿಕ ರೂಟರಿನ ಪುಟದಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಅಥವಾ 'ವರ್ಚುವಲ್ ಸರ್ವರ್' ಎಂಬಲ್ಲಿ ಹೊರದ್ವಾರದ ಸಂಖ್ಯೆ, ಒಳದ್ವಾರದ ಸಂಖ್ಯೆ, ಯಂತ್ರದ ವಿಳಾಸ ಹಾಗೂ ಟಿಸಿಪಿ ಅಥವಾ ಯುಡಿಪಿ ಎಂಬುದನ್ನು ತುಂಬಬೇಕು. ವಿಂಡೋಸ್ ಫೈರ್‌ವಾಲ್‌ನಲ್ಲಿಯೂ ಅದೇ ದ್ವಾರಕ್ಕೆ ಅನುಮತಿ ಬೇಕು. ಪರೀಕ್ಷೆಯನ್ನು ಮನೆಯ ವೈ-ಫೈನಿಂದ ಮಾಡದೆ, ಮೊಬೈಲ್ ಡೇಟಾದ ಮೂಲಕ ಮಾಡುವುದು ಸರಿ.

ಅಪಾಯವೆಲ್ಲಿ?

ತೆರೆದ ದ್ವಾರ ದಿವಾಣಜಿಗೆ ಮಾತ್ರವಲ್ಲ, ಜಗತ್ತಿಗೇ ತೆರೆದಿರುತ್ತದೆ. ದ್ವಾರಗಳನ್ನು ಹುಡುಕುವ ತಂತ್ರಾಂಶಗಳು ಹಗಲಿರುಳೂ ತಟ್ಟುತ್ತಿರುತ್ತವೆ. ಕಾರ್ಖಾನೆ ಕೊಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮರಾ, ರೂಟರುಗಳನ್ನು 2016ರಲ್ಲಿ 'ಮಿರಾಯ್' ಎಂಬ ತಂತ್ರಾಂಶ ಭಾರೀ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತ್ತು. ವಿಂಡೋಸಿನ ದೂರನಿಯಂತ್ರಣಕ್ಕೆ ಬಳಸುವ 3389ನೆಯ ದ್ವಾರವನ್ನು ನೇರವಾಗಿ ತೆರೆಯುವುದು ಎಲ್ಲಕ್ಕಿಂತ ಅಪಾಯಕರ. 2019ರ ಮೇ ತಿಂಗಳಲ್ಲಿ ಇದರ ಹಳೆಯ ಆವೃತ್ತಿಗಳಲ್ಲಿ ಗುಪ್ತಪದವಿಲ್ಲದೆಯೇ ನುಗ್ಗಬಹುದಾದ ದೋಷ ಬಯಲಾಯಿತು. ದ್ವಾರದ ಸಂಖ್ಯೆ ಬದಲಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು.

ಒಳನುಗ್ಗಿದ ರಾನ್ಸಮ್‌ವೇರ್ ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತದೆ. ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕೆಂಬ 36ನೆಯ ಕಲಂನ ಹೊಣೆ ಆಗಲೂ ವ್ಯಾಪಾರಿಯದೇ. ಬರಬೇಕಾದ ಬಾಕಿ, ರೈತರಿಗೆ ಕೊಡಬೇಕಾದ ಪಟ್ಟಿ, ದಾಸ್ತಾನು ಯಾವುದಕ್ಕೂ ಆಧಾರ ಉಳಿಯದು.

ಸುರಕ್ಷಿತ ದಾರಿ

ಲೆಕ್ಕದ ಯಂತ್ರವನ್ನು ನೇರವಾಗಿ ತೋರಿಸುವ ಬದಲು ವಿಪಿಎನ್ ಅಳವಡಿಸುವುದು ಉತ್ತಮ. ವೈರ್‌ಗಾರ್ಡ್‌ನಂತಹ ಉಚಿತ ತಂತ್ರಾಂಶಕ್ಕೆ ಒಂದೇ ದ್ವಾರ ಸಾಕು, ಸಾಮಾನ್ಯವಾಗಿ ಯುಡಿಪಿ 51820. ಸರಿಯಾದ ಕೀಲಿಯಿಲ್ಲದವರು ತಟ್ಟಿದರೆ ಅದು ಉತ್ತರಿಸುವುದೇ ಇಲ್ಲ. ದಿವಾಣಜಿ ಕೆಲಸ ಬಿಟ್ಟರೆ ಆತನ ಕೀಲಿಯೊಂದನ್ನು ರದ್ದುಪಡಿಸಿದರಾಯಿತು. ಸ್ಥಿರ ವಿಳಾಸವಿಲ್ಲದವರು ಟ್ಯಾಲಿಯು ಪರವಾನಗಿದಾರರಿಗೆ ನೀಡುವ ದೂರಸಂಪರ್ಕ ಸೌಲಭ್ಯವನ್ನು ಬಳಸಬಹುದು; ಅದಕ್ಕೆ ದ್ವಾರ ತೆರೆಯಬೇಕಾಗಿಲ್ಲ.

ಯಾವ ದಾರಿ ಹಿಡಿದರೂ ರೂಟರಿನ ಮೂಲ ಗುಪ್ತಪದ ಬದಲಿಸುವುದು, 'ಯುಪಿಎನ್‌ಪಿ' ಹಾಗೂ 'ಡಿಎಂಜೆಡ್' ಆಯ್ಕೆಗಳನ್ನು ಮುಚ್ಚುವುದು, ಬಳಕೆಯಿಲ್ಲದ ದ್ವಾರಗಳನ್ನು ಅಳಿಸುವುದು ಅಗತ್ಯ. ಪ್ರತಿದಿನದ ಲೆಕ್ಕದ ಪ್ರತಿಯೊಂದನ್ನು ಯಂತ್ರಕ್ಕೆ ಜೋಡಿಸದ ಬೇರೆ ಡ್ರೈವ್‌ನಲ್ಲಿ ಇಡಬೇಕು. ವಂಚನೆಯಿಂದ ಹಣ ಹೋದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕಂಪನಿಗಳಾದರೆ, ಸರ್ಟ್-ಇನ್ ಸಂಸ್ಥೆಯ 28 ಏಪ್ರಿಲ್ 2022ರ ನಿರ್ದೇಶನದಂತೆ, ಇಂತಹ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು.

ತಿಜೋರಿಯ ಕೀಲಿ ಯಾರ ಬಳಿಯಿದೆಯೆಂಬುದು ಪ್ರತಿಯೊಬ್ಬ ವರ್ತಕರಿಗೂ ತಿಳಿದಿರುತ್ತದೆ. ತಮ್ಮ ರೂಟರಿನಲ್ಲಿ ಎಷ್ಟು ದ್ವಾರಗಳು, ಯಾರಿಗಾಗಿ ತೆರೆದಿವೆಯೆಂಬುದನ್ನೂ ತಿಂಗಳಿಗೊಮ್ಮೆ ಬ್ಯಾಂಕಿನ ಶಿಲ್ಕು ತಾಳೆ ನೋಡುವಾಗಲೇ ಪರಿಶೀಲಿಸಿ, ಒಂದು ಹಾಳೆಯಲ್ಲಿ ಬರೆದಿಡುವುದು ಒಳಿತು.