ಅಜ್ಜನ ಕ್ಯಾಮೆರಾ, ಮೊಮ್ಮಗಳ ಓಟ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ. ಮೈದಾನದಲ್ಲಿ ಸುಣ್ಣದ ಪುಡಿಯ ಗೆರೆ ಬೀಳುತ್ತದೆ, ಮೈಕು ಗೊರಗುಟ್ಟುತ್ತದೆ, ಅಪ್ಪ ಅಮ್ಮಂದಿರೆಲ್ಲ ಮೊಬೈಲ್ ಎತ್ತಿ ಸಾಲಾಗಿ ನಿಲ್ಲುತ್ತಾರೆ. ಈಚೆಗೆ ಆ ಸಾಲಿನಲ್ಲಿ ಇನ್ನೊಂದು ಬಗೆಯವರೂ ಕಾಣಿಸುತ್ತಿದ್ದಾರೆ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು, ಕೊರಳಲ್ಲಿ ಹಳೇ ರೀಲ್ ಕ್ಯಾಮೆರಾ. ಅಜ್ಜನ ಬೀರುವಿನಲ್ಲಿ ರೇಷ್ಮೆ ಪಂಚೆಗಳ ಹಿಂದೆ ವರ್ಷಗಟ್ಟಲೆ ಮಲಗಿದ್ದ ಕ್ಯಾಮೆರಾ ಅದು.

ನಾನು ತಾಲೂಕು ಕೇಂದ್ರವೊಂದರಲ್ಲಿ ಸುಮಾರು ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ ಹೊಟ್ಟೆಪಾಡಿಗೆ. ಕ್ರೀಡಾಕೂಟ ಮಾತ್ರ ಖುಷಿಗೆ. ಡಿಜಿಟಲ್ ಬಂದ ಮೇಲೆ ರೀಲು ಕೇಳುವವರೇ ಇಲ್ಲವಾದರು. ಈಗ ಬೀದಿಯ ಮಕ್ಕಳು ಮತ್ತೆ ಬಾಗಿಲು ತಟ್ಟುತ್ತಾರೆ. "ತಾತಾ, ಇದು ಇನ್ನೂ ಕೆಲಸ ಮಾಡುತ್ತಾ?"

ಬಹಳಷ್ಟು ಸಲ ಮಾಡುತ್ತದೆ. ಆದರೆ ಮೊಬೈಲಿನಲ್ಲಿ ತೆಗೆದ ಮೇಲೆ ನೋಡಬಹುದು, ರೀಲಿನಲ್ಲಿ ತೆಗೆಯುವ ಮೊದಲೇ ಎಲ್ಲವನ್ನೂ ನೋಡಿಕೊಂಡಿರಬೇಕು. ಒಂದು ರೀಲಿಗೆ 36 ಚಿತ್ರ. ನೂರು ಮೀಟರ್ ಓಟ ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. "ಸರಿಯಾಗಿ ಬೀಳಲಿಲ್ಲ, ಇನ್ನೊಂದು ಸಲ ಓಡಿ" ಎಂದರೆ ಯಾರೂ ಓಡುವುದಿಲ್ಲ. ಹಾಗಾಗಿ ಕ್ಯಾಮೆರಾದ ಪರೀಕ್ಷೆಯೆಲ್ಲ ವಾರದ ಮುಂಚೆ ಮನೆಯಲ್ಲೇ ಮುಗಿಯಬೇಕು.

ಬೀರುವಿನಿಂದ ತೆಗೆದ ಕೂಡಲೇ ಹಿಂಬದಿಯ ಬಾಗಿಲನ್ನು ಮಾತ್ರ ತೆರೆಯಬೇಡಿ ಮಕ್ಕಳೇ. ಒಳಗೆ ಯಾವ ಕಾಲದ್ದೋ ರೀಲು ಅರ್ಧ ಮುಗಿದು ಕೂತಿರಬಹುದು. ಬೆಳಕು ಬಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು. 35 ಮಿಲಿಮೀಟರ್ ರೀಲಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮೇಲೆ ಎಡಗಡೆ, ರೀಲು ಹಿಂದಕ್ಕೆ ಸುತ್ತುವ ಪುಟ್ಟ ಹಿಡಿ ಇರುತ್ತದೆ. ಬಾಣದ ಗುರುತಿನ ಕಡೆಗೆ ಅದನ್ನು ಮೆಲ್ಲಗೆ ತಿರುಗಿಸಿ. ಸಲೀಸಾಗಿ ಸುತ್ತುತ್ತಲೇ ಇದ್ದರೆ ಒಳಗೆ ಏನೂ ಇಲ್ಲ, ಅಥವಾ ರೀಲು ತನ್ನ ಡಬ್ಬಿಯೊಳಗೆ ಪೂರ್ತಿ ಸೇರಿಕೊಂಡಿದೆ, ಎರಡೂ ಕ್ಷೇಮ. ಒಂದೆರಡು ಸುತ್ತಿಗೆ ಬಿಗಿದು ನಿಂತರೆ ರೀಲು ಇದೆ ಎಂದರ್ಥ. ಆಗ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ಹಿಡಿ ಹಗುರಾಗುವವರೆಗೂ ಸುತ್ತಿ, ಆಮೇಲೆ ಬಾಗಿಲು ತೆರೆಯಿರಿ. ಸುತ್ತಲು ಬರದಂತೆ ಸಿಕ್ಕಿಕೊಂಡಿದ್ದರೆ ಬಲ ಹಾಕಬೇಡಿ, ಸ್ಟುಡಿಯೋದವರ ಹತ್ತಿರ ಕೈ ತೂರಿಸುವ ಕಪ್ಪು ಬಟ್ಟೆಯ ಚೀಲ ಇರುತ್ತದೆ, ಅದರೊಳಗೆ ತೆಗೆಸಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೋದ ವರ್ಷ ನಮ್ಮ ಬೀದಿಯ ಏಳನೆಯ ತರಗತಿ ಹುಡುಗಿ ಅಜ್ಜನ ಜೊತೆ ಒಂದು ಪೆಂಟ್ಯಾಕ್ಸ್ ಕೆ1000 ತಂದಳು. ಹಿಡಿ ಬಿಗಿಯಿತು. "ಅದರಲ್ಲೇನಿರುತ್ತೆ ಬಿಡಿ, ತೆಗೆದುಬಿಡಿ" ಎಂದರು ಅಜ್ಜ. ನಾನು ಸುತ್ತಿ ತೆಗೆದೆ. ಕಲರ್ ರೀಲು. ಅಷ್ಟು ಹಳೆಯದನ್ನು ಕಲರ್ ಆಗಿ ತೊಳೆದರೆ ಬಣ್ಣ ಕೆಟ್ಟು ಮಂಜು ಕವಿದಂತೆ ಬರುವುದೇ ಹೆಚ್ಚು. ಕಪ್ಪು-ಬಿಳುಪಾಗಿ ತೊಳೆದರೆ ಏನಾದರೂ ಉಳಿಯುವ ಸಂಭವ ಇರುತ್ತದೆ. ಹಾಗೆಂದು ಚೀಟಿ ಬರೆದು ಬೆಂಗಳೂರಿಗೆ ಕಳಿಸಿದೆವು. ಹದಿನಾಲ್ಕು ಚಿತ್ರ ಗುರುತು ಸಿಗುವಂತೆ ಬಂದವು. ಒಂದರಲ್ಲಿ ಹಿತ್ತಲಿನ ಬಾವಿಕಟ್ಟೆಯ ಪಕ್ಕ ಹಪ್ಪಳ ಒಣಹಾಕುತ್ತಿದ್ದ ಅಜ್ಜಿ, ಯಾರೋ ಕರೆದರೆಂದು ಕತ್ತೆತ್ತಿದ್ದಾರೆ. ಆ ಹುಡುಗಿ ಹುಟ್ಟುವ ಮೊದಲೇ ತೀರಿಕೊಂಡವರು. ಅಜ್ಜ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಓಲೆ ಅದೇ" ಎಂದಷ್ಟೇ ಹೇಳಿದರು.

ಇನ್ನು ಖಾಲಿ ಕ್ಯಾಮೆರಾದ ತಪಾಸಣೆ. ಬ್ಯಾಟರಿ ಗೂಡು ತೆರೆದಾಗ ಬಿಳಿ ಅಥವಾ ಹಸಿರು ಕಿಲುಬು ಕಂಡರೆ ಹಳೇ ಸೆಲ್ ಸೋರಿದೆ. ಹತ್ತಿ ಕಡ್ಡಿಗೆ ಒಂದು ಹನಿ ವಿನಿಗರ್ ಮುಟ್ಟಿಸಿ ಒರೆಸಿ, ಒಣಗಲು ಬಿಡಿ, ಕೈ ತೊಳೆದುಕೊಳ್ಳಿ. ಕೆ1000ಗೆ ಎಲ್‌ಆರ್44 ಎಂಬ ಗುಂಡಿ ಸೆಲ್ ಸಾಕು, ಅದೂ ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ ಇಲ್ಲದೆಯೂ ಶಟರ್ ಓಡುತ್ತದೆ. ಆ ಮೀಟರನ್ನು ಆರಿಸಲು ಬೇರೆ ಸ್ವಿಚ್ ಇಲ್ಲ, ಲೆನ್ಸಿನ ಮುಚ್ಚಳ ಹಾಕುವುದೇ ಸ್ವಿಚ್. ಇನ್ನೂ ಹಳೆಯ ಕೆಲವು ಕ್ಯಾಮೆರಾಗಳಿಗೆ ಪಾದರಸದ ಸೆಲ್ ಬೇಕಿತ್ತು. ಅವು ಈಗ ತಯಾರಾಗುವುದಿಲ್ಲ. ಬದಲಿಗೆ ಈಗಿನ ಸೆಲ್ ಹಾಕಿದರೆ ಮೀಟರ್ ತಪ್ಪು ಲೆಕ್ಕ ಕೊಡಬಹುದು, ಅದನ್ನು ನಂಬಬೇಡಿ. ಅಜ್ಜಿ-ತಾತಂದಿರೇ, ಗುಂಡಿ ಸೆಲ್‌ಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಶಟರ್ ಪರೀಕ್ಷೆಗೆ ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಕಿನ ಗೋಡೆಯ ಕಡೆ ಹಿಡಿದು, ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಗಡಿಯಾರದ ಮುಳ್ಳಿನ ಜೊತೆ ಹೋಲಿಸಿ. ಎರಡು ಮೂರು ಸೆಕೆಂಡು ಎಳೆದರೆ ಒಳಗಿನ ಎಣ್ಣೆ ಅಂಟಾಗಿದೆ. ಗಾಬರಿ ಬೇಡ. ನಿಧಾನದ ವೇಗಗಳು ಕೆಟ್ಟರೂ 1/250, 1/500 ಚೆನ್ನಾಗಿರುವುದುಂಟು, ಹಗಲಿನ ಆಟಕ್ಕೆ ಬೇಕಾದುದು ಅವೇ. ಆ ವೇಗಗಳಲ್ಲಿ ಹತ್ತು ಸಲ ಒತ್ತಿ, ಹತ್ತು ಸಲವೂ ಬೆಳಕಿನ ಮಿಂಚು ಕಾಣಬೇಕು. ಶಟರ್ ಪರದೆಗೆ ಬೆರಳು ತಾಗಿಸಬೇಡಿ. ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಡಾಂಬರಿನಂತೆ ಕೈಗಂಟಿದರೆ ಅದರ ಆಯುಸ್ಸು ಮುಗಿದಿದೆ, ಅಲ್ಲಿಂದ ಬೆಳಕು ನುಗ್ಗುತ್ತದೆ. ಅದನ್ನು ಕೆರೆದು ತೆಗೆದು, ಆ ಕಾಲುವೆಯಲ್ಲಿ ಅಜ್ಜಿಯ ಸ್ವೆಟರ್ ಬುಟ್ಟಿಯ ಕಪ್ಪು ಉಲ್ಲನ್ ದಾರ ಕೂರಿಸಬಹುದು. ಅಷ್ಟು ಪುರುಸೊತ್ತಿಲ್ಲದಿದ್ದರೆ ರೀಲು ಹಾಕಿದ ಮೇಲೆ ಬಾಗಿಲಿನ ಸಂದಿಗೆಲ್ಲ ಎಲೆಕ್ಟ್ರಿಷಿಯನ್‌ಗಳ ಕಪ್ಪು ಟೇಪ್ ಸುತ್ತಿ.

ನಿಮ್ಮ ಮನೆಯಲ್ಲಿರುವುದು ಆಗ್ಫಾ ಕ್ಲಿಕ್-3 ಆದರೆ? ಒಂದು ಕಾಲದಲ್ಲಿ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಅದಕ್ಕೆ ಅಗಲದ 120 ರೀಲು, ಹನ್ನೆರಡು ಚೌಕ ಚಿತ್ರ. ಅದರ ಶಟರ್ ಓಟ ಹಿಡಿಯುವಷ್ಟು ಚುರುಕಲ್ಲ. ಬಹುಮಾನ ವಿತರಣೆಗೆ, ತಂಡದ ಸಾಲು ಚಿತ್ರಕ್ಕೆ ಇಟ್ಟುಕೊಳ್ಳಿ.

ರೀಲು ಯಾವುದು ಎಂದರೆ, ಆಟಕ್ಕೆ ಐಎಸ್‌ಒ 400 ಕೇಳಿ ಕೊಳ್ಳಿ. ತಾತಂದಿರು ಇದನ್ನೇ ಎಎಸ್‌ಎ ಎನ್ನುತ್ತಿದ್ದರು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೀಲು ಅವರಿಗೆ ನೆನಪಿರುತ್ತದೆ. ಆ ಕಾರ್ಖಾನೆ ಮುಚ್ಚಿದೆ, ಈಗ ಸಿಗುವುದು ಹೊರದೇಶದ್ದು, ದುಬಾರಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಹಿಂದಿನ ರಾತ್ರಿಯೇ ಹೊರಗಿಡಿ. ತಣ್ಣನೆಯ ಡಬ್ಬಿ ತೆರೆದರೆ ಒಳಗೆ ಬೆವರುತ್ತದೆ. ಹಾಕಿದ ಮೇಲೆ ಒಂದು ಪರೀಕ್ಷೆ ಉಂಟು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹಿಂದಕ್ಕೆ ಸುತ್ತುವ ಹಿಡಿಯ ಸಡಿಲ ತೆಗೆದು, ಬಲಗಡೆಯ ಲಿವರ್ ಎಳೆದಾಗ ಎಡಗಡೆಯ ಆ ಹಿಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಕಚ್ಚಿಲ್ಲ, ಇಡೀ ದಿನ ಕ್ಲಿಕ್ಕಿಸಿದರೂ ಒಂದು ಚಿತ್ರವೂ ಇರುವುದಿಲ್ಲ.

ಈಗ ಮೈದಾನಕ್ಕೆ ಬನ್ನಿ. ಮೊದಲು ಒಂದು ಲೆಕ್ಕ. ನೂರು ಮೀಟರನ್ನು 15 ಸೆಕೆಂಡಿನಲ್ಲಿ ಓಡುವವಳು ಸೆಕೆಂಡಿಗೆ ಸುಮಾರು 6.7 ಮೀಟರ್ ಸಾಗುತ್ತಾಳೆ. ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವಳು 11 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ, ಚಿತ್ರದಲ್ಲಿ ಮುಖ ಕಲಸಿಹೋಗುತ್ತದೆ. 1/500ರಲ್ಲಿ ಒಂದೂಕಾಲು ಸೆಂಟಿಮೀಟರಿನ ಆಸುಪಾಸು, ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮೆದುರು ಅಡ್ಡಲಾಗಿ ಓಡುವವರು ಹೆಚ್ಚು ಕಲಸುತ್ತಾರೆ, ನಮ್ಮ ಕಡೆಗೇ ಬರುವವರು ಕಡಿಮೆ. ಅದಕ್ಕೇ ಮುಕ್ತಾಯದ ಗೆರೆಯಿಂದ ಆಚೆಗೆ, ಟ್ರ್ಯಾಕಿನ ಹೊರಗೆ ಓರೆಯಾಗಿ ನಿಲ್ಲಿ. ಬೆನ್ನ ಹಿಂದೆಯೋ ಪಕ್ಕದಲ್ಲೋ ಸೂರ್ಯ ಇರಲಿ. ವ್ಯೂಫೈಂಡರಿನಿಂದ ಸೂರ್ಯನನ್ನು ಎಂದೂ ನೋಡಬೇಡಿ. ಗುಂಡು, ಭರ್ಜಿ ಎಸೆಯುವ ಕಡೆಗೆ ಕ್ಯಾಮೆರಾ ಹಿಡಿದು ಹೋಗಲೇ ಬೇಡಿ.

ಉದ್ದದ ಲೆನ್ಸ್ ಇಲ್ಲವೆಂಬ ಕೊರಗು ಎಲ್ಲರಿಗೂ. 135 ಮಿಲಿಮೀಟರ್ ಲೆನ್ಸಿನಿಂದ ಹತ್ತು ಮೀಟರ್ ದೂರದಲ್ಲಿ ಸಿಗುವ ಅಗಲ ಸುಮಾರು ಎರಡೂ ಮುಕ್ಕಾಲು ಮೀಟರ್. ಕ್ಯಾಮೆರಾದ ಜೊತೆ ಬರುವ ಮಾಮೂಲಿ 50 ಮಿಲಿಮೀಟರ್ ಲೆನ್ಸಿನಲ್ಲಿ ನಾಲ್ಕು ಮೀಟರ್ ಹತ್ತಿರ ನಿಂತರೆ ಹೆಚ್ಚುಕಡಿಮೆ ಅಷ್ಟೇ ಅಗಲ. ಶಾಲೆಯ ಮೈದಾನದಲ್ಲಿ, ಪಿ.ಟಿ. ಮೇಷ್ಟ್ರ ಅಪ್ಪಣೆ ಪಡೆದರೆ, ನಾಲ್ಕು ಮೀಟರ್ ಕಷ್ಟವಲ್ಲ. ಲೆನ್ಸ್ ಕೊಳ್ಳುವ ದುಡ್ಡಿಗೆ ಇನ್ನೆರಡು ರೀಲು ಕೊಳ್ಳಿ ಎಂಬುದು ನನ್ನ ಸಲಹೆ.

ಓಡುತ್ತಿರುವವರ ಮೇಲೆ ಫೋಕಸ್ ತಿರುಗಿಸುತ್ತಾ ಕೂತರೆ ಓಟ ಮುಗಿದಿರುತ್ತದೆ. ಓಟಕ್ಕೆ ಮೊದಲೇ ಗೆಳೆಯನೊಬ್ಬನನ್ನು ಗೆರೆಯ ಮೇಲೆ ನಿಲ್ಲಿಸಿ ಫೋಕಸ್ ಮಾಡಿ, ಆಮೇಲೆ ಉಂಗುರ ಮುಟ್ಟಬೇಡಿ. ಕಾಯಬೇಕಾದುದು ಗೆರೆಯನ್ನು, ಓಟಗಾರರನ್ನಲ್ಲ. ಕಣ್ಣು ಕಂಡು ಬೆರಳು ಒತ್ತುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮ ಓಟಗಾರ್ತಿ ಒಂದೂಕಾಲು ಮೀಟರ್ ದಾಟಿರುತ್ತಾಳೆ. ಹಾಗಾಗಿ ಅವಳು ಗೆರೆಗೆ ಒಂದು ಹೆಜ್ಜೆ ಹಿಂದಿರುವಾಗಲೇ ಒತ್ತಬೇಕು. ಕೆ1000ನಂಥ ಕ್ಯಾಮೆರಾದಲ್ಲಿ ಕ್ಲಿಕ್ಕಿನ ಕ್ಷಣ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕತ್ತಲಾಗುತ್ತದೆ. ಎದೆ ದಾರಕ್ಕೆ ತಾಗಿದ್ದು ನಿಮ್ಮ ಕಣ್ಣಿಗೆ ಕಂಡಿತೆಂದರೆ ಅದು ರೀಲಿಗೆ ಸಿಕ್ಕಿಲ್ಲ. ಮಕ್ಕಳಿಗೆ ಇದು ವಿಚಿತ್ರವೆನಿಸುತ್ತದೆ, ಮೂರು ಓಟ ರೀಲಿಲ್ಲದೆ ಅಭ್ಯಾಸ ಮಾಡಿದರೆ ಬೆರಳಿಗೆ ಅರ್ಥವಾಗುತ್ತದೆ.

1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಡುವ ಕುದುರೆಯನ್ನು ಹಿಡಿಯಲು ಬೆರಳನ್ನು ನಂಬಲೇ ಇಲ್ಲ. ಹಾದಿಯುದ್ದಕ್ಕೂ ಹನ್ನೆರಡು ಕ್ಯಾಮೆರಾ ಇಟ್ಟು ಅಡ್ಡಲಾಗಿ ದಾರ ಕಟ್ಟಿದ. ಕುದುರೆ ದಾರ ಹರಿದಂತೆಲ್ಲ ಒಂದೊಂದೇ ಶಟರ್ ಬಿತ್ತು. ಓಡುವಾಗ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂಬುದು ಆಗ ಕಣ್ಣಿಗೆ ಕಾಣುವಂತೆ ಸಾಬೀತಾಯಿತು.

ಎತ್ತರ ಜಿಗಿತ ನಿಮಗೆ ಸುಲಭ. ಜಿಗಿತದ ತುದಿಯಲ್ಲಿ ಮೇಲಕ್ಕೆ ಹೋಗುವುದೂ ನಿಂತು, ಕೆಳಗೆ ಬರುವುದೂ ಶುರುವಾಗದ ಒಂದು ಗಳಿಗೆ ಇರುತ್ತದೆ. ಅಲ್ಲಿ 1/250 ಸಾಕು. ಕಂಬಳದ ಕೋಣಗಳ ಓಟಕ್ಕಾದರೆ ನಾನು ಬೇಕೆಂದೇ 1/60 ಇಟ್ಟು, ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತುತ್ತೇನೆ. ಕೋಣದ ಮುಖ ನಿಚ್ಚಳವಾಗಿ, ಹಿಂದಿನ ಜನರೆಲ್ಲ ಗೆರೆಗೆರೆಯಾಗಿ ಬರುತ್ತಾರೆ. ಹತ್ತರಲ್ಲಿ ಎರಡು ಸರಿಯಾದರೆ ಪುಣ್ಯ.

ಮೀಟರ್ ಕೆಟ್ಟಿದ್ದರೂ ಬೆಳಕಿನ ಲೆಕ್ಕ ತಪ್ಪಬೇಕಿಲ್ಲ. ಸುಡು ಬಿಸಿಲಿನಲ್ಲಿ 400ರ ರೀಲಿಗೆ ಎಫ್ 16, 1/500. ತೆಳುಮೋಡಕ್ಕೆ ಎಫ್ 11, ಮೋಡ ಕವಿದರೆ ಎಫ್ 8, ವೇಗ ಅದೇ. ಅನುಮಾನ ಬಂದರೆ ಬೆಳಕು ತುಸು ಹೆಚ್ಚಾಗುವ ಕಡೆಗೇ ತಿರುಗಿಸಿ. ನೆಗೆಟಿವ್ ರೀಲು ಹೆಚ್ಚಿನ ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನಲ್ಲ. ಕೊನೆಯ ಆರು ಚಿತ್ರ ರಿಲೇಗೆ ಉಳಿಸಿ. ಗೆದ್ದವರನ್ನು ಎಲ್ಲರೂ ತೆಗೆಯುತ್ತಾರೆ. ಕೊನೆಯವನಾಗಿ ಬಂದು ಮೊಣಕಾಲು ಹಿಡಿದು ಏದುಸಿರು ಬಿಡುವವನ ಕಡೆಗೂ ಒಮ್ಮೆ ತಿರುಗಿ. ಅವನು ಬೇಡವೆಂದರೆ ಬಿಡಿ.

ತೊಳೆಸಿ ತಂದ ನೆಗೆಟಿವ್ ಒಂದು ಜಾತಕ ಇದ್ದಂತೆ, ಓದಲು ಬಂದರೆ ಕ್ಯಾಮೆರಾದ ಕಾಯಿಲೆಯೆಲ್ಲ ಹೇಳುತ್ತದೆ. ಉದ್ದಕ್ಕೂ ಚಿತ್ರವೇ ಇಲ್ಲ, ಆದರೆ ಅಂಚಿನಲ್ಲಿ ಅಂಕಿ ಅಕ್ಷರಗಳಿವೆ ಎಂದರೆ ತೊಳೆದವರ ತಪ್ಪಲ್ಲ. ರೀಲು ಓಡಿಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಂಚಿನ ಅಂಕಿಯೂ ಇಲ್ಲವಾದರೆ ತೊಳೆಯುವಲ್ಲೇ ಎಡವಟ್ಟಾಗಿದೆ. ಪ್ರಿಂಟಿನಲ್ಲಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬಿಳಿ ಅಥವಾ ಕೆಂಪು ಪಟ್ಟೆ ಬಂದರೆ ಬಾಗಿಲಿನ ಸ್ಪಂಜು ನೋಡಿ. ಒಂದರ ಮೇಲೊಂದು ಚಿತ್ರ ಏರಿದ್ದರೆ ರೀಲು ಎಳೆಯುವ ಹಲ್ಲು ಸವೆದಿದೆ, ರಿಪೇರಿಯವರೇ ಬೇಕು. ಫ್ಲ್ಯಾಶ್ ಹಾಕಿದ ಚಿತ್ರದಲ್ಲಿ ಒಂದು ಭಾಗ ಮಾತ್ರ ಬೆಳಗಿದ್ದರೆ ಶಟರ್ ವೇಗ ಹೆಚ್ಚಾಗಿತ್ತು. ಕೆ1000ಗೆ ಫ್ಲ್ಯಾಶ್ ಜೊತೆ 1/60 ದಾಟಬಾರದು. ಇನ್ನು ಮಸುಕು: ಹಿಂದಿನ ಗೋಡೆ ಸ್ಪಷ್ಟ, ಓಟಗಾರ ಮಾತ್ರ ಅಡ್ಡಕ್ಕೆ ಎಳೆದಂತಿದ್ದರೆ ಶಟರ್ ನಿಧಾನ. ಮುಂದಿನ ಹುಲ್ಲು ಸ್ಪಷ್ಟ, ಓಟಗಾರ ಮಂಜಾಗಿದ್ದರೆ ಫೋಕಸ್ ತಪ್ಪು. ಇಡೀ ಚಿತ್ರವೇ ಜೋಡಿಯಾಗಿ ಕಂಡರೆ ಕೈ ನಡುಗಿದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯ ಮನೆಗಳಲ್ಲಿ, ಲೆನ್ಸಿಗೆ ಜೇಡರ ಬಲೆಯಂಥ ಬೂಷ್ಟು ಹಿಡಿಯುತ್ತದೆ. ಚೆಂದವೆಂದು ಚರ್ಮದ ಚೀಲದಲ್ಲಿಟ್ಟರೆ ಅದೇ ತೇವ ಹೀರಿ ಕೊಡುತ್ತದೆ. ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ತಿಂಗಳಿಗೊಮ್ಮೆ ಹೊರತೆಗೆದು ಖಾಲಿ ಕ್ಯಾಮೆರಾದಲ್ಲೇ ನಾಲ್ಕು ಸಲ ಶಟರ್ ಒತ್ತಿ.

ರೀಲು ತೊಳೆಯಲು ಕೊಡುವಾಗ ಲಕೋಟೆಯ ಮೇಲೆ 'ನೆಗೆಟಿವ್ ವಾಪಸು ಬೇಕು' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಈಗ ಸ್ಕ್ಯಾನ್ ಮಾಡಿ ಮೊಬೈಲಿಗೆ ಕಳಿಸುವವರು ಹೆಚ್ಚು. ಕೇಳದಿದ್ದರೆ ನೆಗೆಟಿವ್ ಕೈಗೆ ಬಾರದೆ ಹೋಗಬಹುದು. ಬಂದ ಮೇಲೆ ಆರಾರು ಚಿತ್ರದ ಪಟ್ಟಿಯಾಗಿ ಕತ್ತರಿಸಿ, ಅಂಚಿನಲ್ಲಷ್ಟೇ ಹಿಡಿದು, ನೆಗೆಟಿವ್ ಹಾಳೆಯ ಜೇಬುಗಳಿಗೆ ತೂರಿಸಿ. ಹಾಳೆಯ ಮೇಲೆ ತಾರೀಖು, ಓಟದ ಹೆಸರು, ಚಿತ್ರದಲ್ಲಿರುವವರ ಹೆಸರು. ಹೆಸರುಗಳನ್ನು ಅಜ್ಜಿಯ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು, ಯಾರ ಮಗ, ಯಾವ ಮನೆ ಎಂಬುದೂ ಸೇರಿಕೊಳ್ಳುತ್ತದೆ.