ಹತ್ತು ಸಾವಿರದಲ್ಲಿ ನಾಲ್ವರು: ಹರೆಯದವರು ಮತ್ತು ಎಚ್‌ಐವಿ

15ರಿಂದ 19 ವರ್ಷದ ಹತ್ತು ಸಾವಿರ ಮಂದಿಯ ರಕ್ತ ಪರೀಕ್ಷಿಸಿದರೆ ಎಷ್ಟು ಜನರಲ್ಲಿ ಎಚ್‌ಐವಿ ಸಿಕ್ಕೀತು? 2005-06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ರಕ್ತದ ಮಾದರಿ ಪಡೆದು ಇದಕ್ಕೆ ಉತ್ತರ ಹುಡುಕಿತು. ಸಿಕ್ಕ ಉತ್ತರ: ಸುಮಾರು ನಾಲ್ವರು. ಹತ್ತು ಸಾವಿರ ಹುಡುಗಿಯರಲ್ಲಿ ಏಳು ಮಂದಿ, ಅಷ್ಟೇ ಹುಡುಗರಲ್ಲಿ ಒಬ್ಬ. 15ರಿಂದ 49ರ ವಯಸ್ಸಿನವರನ್ನೆಲ್ಲ ಸೇರಿಸಿದರೆ ಹತ್ತು ಸಾವಿರಕ್ಕೆ 28. ಕರ್ನಾಟಕದಲ್ಲಿ ಆಗ 69. ಆಮೇಲೆ ದೇಶದ ಪ್ರಮಾಣ ಇಳಿಯುತ್ತ ಬಂದು, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನಲ್ಲಿ ಹತ್ತು ಸಾವಿರಕ್ಕೆ 20 ಆಗಿದೆ. ಹಾಗಿದ್ದೂ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅತಿ ಹೆಚ್ಚು ಸೋಂಕಿತರಿರುವ ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ಜೊತೆ ಕರ್ನಾಟಕವೂ ಇದೆ.

ಈ ಲೆಕ್ಕವನ್ನು ಕೊಡಗಿನ ಮಾದಾಪುರದಂಥ ಊರಿಗೆ ಇಳಿಸಿದರೆ, ಅಲ್ಲಿನ ಶಾಲೆ-ಕಾಲೇಜಿನ ಮಕ್ಕಳಲ್ಲಿ ಸೋಂಕಿತರು ಒಬ್ಬರೂ ಇಲ್ಲದಿರಬಹುದು, ಒಬ್ಬರಿರಬಹುದು. ಅವರು ಯಾರೆಂದು ಹುಡುಕುವುದು ಊರಿನ ಕೆಲಸವಲ್ಲ. ಆದರೆ ಅಂಥ ಒಬ್ಬರಿದ್ದರೆ ಅವರ ಮಾತ್ರೆ ತಪ್ಪಬಾರದು, ಓದು ನಿಲ್ಲಬಾರದು, ಗುಟ್ಟು ಬಯಲಾಗಬಾರದು. ಅದಕ್ಕೆ ಬೇಕಾದ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕು.

ಎರಡು ಪಟ್ಟಿಗಳ ನಡುವೆ

ಎಚ್‌ಐವಿ ಅಂಕಿ-ಅಂಶಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ: 14 ವರ್ಷದವರೆಗಿನ ಮಕ್ಕಳು, 15 ದಾಟಿದ ವಯಸ್ಕರು. ಎಂಟನೇ ತರಗತಿಯ ಹುಡುಗಿ ಮೊದಲನೆಯದರಲ್ಲಿ, ಪಿಯುಸಿ ಓದುವ ಅವಳ ಅಣ್ಣ ಎರಡನೆಯದರಲ್ಲಿ. ಹೀಗಾಗಿ ಹರೆಯದವರು ಒಂದು ಗುಂಪಾಗಿ ಕಣ್ಣಿಗೆ ಬೀಳುವುದು ಕಡಿಮೆ. ಜಗತ್ತಿನಲ್ಲಿ 10ರಿಂದ 19 ವರ್ಷದ ಸೋಂಕಿತರು ಸುಮಾರು 15 ಲಕ್ಷ ಎಂಬುದು ಯುನಿಸೆಫ್ ಅಂದಾಜು. ಹೆಚ್ಚಿನವರು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳವರು. ಈ ವಯಸ್ಸಿನ ಹೊಸ ಸೋಂಕಿತರಲ್ಲಿ ಹುಡುಗಿಯರೇ ಹೆಚ್ಚು.

ಸೋಂಕು ಬರುವ ದಾರಿ

ಹರೆಯದ ಸೋಂಕಿತರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ಸೋಂಕು ಬಸಿರಿನಲ್ಲಿ, ಹೆರಿಗೆಯಲ್ಲಿ ಇಲ್ಲವೇ ಎದೆಹಾಲಿನ ಮೂಲಕ ಬಂದಿರುತ್ತದೆ. ಉಳಿದವರಿಗೆ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಲೈಂಗಿಕ ದೌರ್ಜನ್ಯದಿಂದ, ಮಾದಕವಸ್ತುವಿಗಾಗಿ ಒಂದೇ ಸೂಜಿ ಹಂಚಿಕೊಂಡದ್ದರಿಂದ ಬಂದಿರಬಹುದು. ಒಂದೇ ಬೆಂಚಿನಲ್ಲಿ ಕೂತರೆ, ಬಿಸಿಯೂಟದ ತಟ್ಟೆ ಹಂಚಿಕೊಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ತಾಯಿಯಿಂದ ಮಗುವಿಗೆ ಹರಡುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಬಹುದು. ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾದ ಚಿಕಿತ್ಸೆ ಇದ್ದರೆ ಐದಕ್ಕಿಂತ ಕಡಿಮೆ. ಆದ್ದರಿಂದಲೇ ಆಶಾ ಕಾರ್ಯಕರ್ತೆಯರು ಪ್ರತಿ ಗರ್ಭಿಣಿಯನ್ನೂ ಮೊದಲ ತಿಂಗಳುಗಳಲ್ಲೇ ರಕ್ತ ಪರೀಕ್ಷೆಗೆ ಕರೆಯುವುದು. ಸೋಂಕು ಕಂಡರೆ ತಾಯಿಗೆ ಆಗಲೇ ಜೀವನಪರ್ಯಂತದ ಚಿಕಿತ್ಸೆ ಶುರು. ಮಗುವಿಗೆ ಹುಟ್ಟಿದ ಕೂಡಲೇ ತಡೆ ಔಷಧ, ಆರನೇ ವಾರದಲ್ಲಿ ಮೊದಲ ರಕ್ತ ಪರೀಕ್ಷೆ, 18 ತಿಂಗಳಿಗೆ ಅಂತಿಮ ಪರೀಕ್ಷೆ.

ಪರೀಕ್ಷೆ ಹೇಗೆ?

ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿ (ಸಮಗ್ರ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತ ಸಮಾಲೋಚಕರು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುತ್ತಾರೆ. ಮೊದಲ ಕಿಟ್‌ನಲ್ಲಿ ಸೋಂಕಿನ ಸುಳಿವು ಸಿಕ್ಕರೆ ಬೇರೆ ಎರಡು ಕಿಟ್‌ಗಳಲ್ಲಿ ಮತ್ತೆ ನೋಡಿ, ಮೂರೂ ಒಂದೇ ಉತ್ತರ ಕೊಟ್ಟ ಮೇಲಷ್ಟೇ ಸೋಂಕು ಖಚಿತ. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಸಿಗದಿರಬಹುದು. ಆದ್ದರಿಂದ ಅನುಮಾನವಿದ್ದರೆ ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕು. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಪಕ್ಕದ ಮನೆಯವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಹತ್ತಿರದ ಸೋಮವಾರಪೇಟೆಯ ಬದಲು ಮಡಿಕೇರಿಗೋ ಮೈಸೂರಿಗೋ ಹೋಗಬಹುದು. ಇಂಥ ಕೇಂದ್ರಕ್ಕೇ ಬರಬೇಕೆಂಬ ನಿಯಮವಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಗಂಟೆಗಳ ಲೆಕ್ಕ ಮುಖ್ಯ. 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಿದರೆ ಸೋಂಕು ತಡೆಯುವ ಮಾತ್ರೆಗಳಿವೆ. ಪೊಲೀಸ್ ದೂರು ಆಗಲಿ ಎಂದು ಕಾಯದೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳ ಸಹಾಯವಾಣಿ 1098.

ದಿನಕ್ಕೊಂದು ಮಾತ್ರೆ

ಸರ್ಕಾರ ಉಚಿತ ಎಆರ್‌ಟಿ (ವೈರಸ್ ನಿಗ್ರಹಿಸುವ ಔಷಧಗಳ) ಚಿಕಿತ್ಸೆ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಕೊಡಗಿನವರಿಗೆ ಎಆರ್‌ಟಿ ಕೇಂದ್ರ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿದೆ. ಈಗ ಹೆಚ್ಚಿನವರಿಗೆ ಮೂರು ಔಷಧಗಳು ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಆ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ. ಅವರು ಓದಬಹುದು, ದುಡಿಯಬಹುದು, ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನು ಪಡೆಯಬಹುದು.

ಮಾತ್ರೆ ತಪ್ಪುವುದು ಹರೆಯದಲ್ಲೇ ಹೆಚ್ಚು. ಹಾಸ್ಟೆಲ್ ಗೆಳೆಯರ ಎದುರು ಡಬ್ಬಿ ತೆಗೆಯಲು ನಾಚಿಕೆ. "ನನಗೇನೂ ಆಗಿಲ್ಲವಲ್ಲ, ಯಾಕೆ ನುಂಗಬೇಕು?" ಎಂಬ ಸಿಟ್ಟು. ನಡುನಡುವೆ ಬಿಟ್ಟರೆ ವೈರಸ್ ಔಷಧಕ್ಕೆ ಬಗ್ಗದಂತಾಗಬಹುದು. "ಶಕ್ತಿಗೆ ಮಾತ್ರೆ" ಎಂದು ಮನೆಯವರು ವರ್ಷಗಟ್ಟಲೆ ಮುಚ್ಚಿಟ್ಟರೆ ಮಗು ಒಂದು ದಿನ ಬೇರೆಯವರ ಬಾಯಿಂದ ಕೇಳುತ್ತದೆ. ಶಾಲೆ ಸೇರಿದ ವಯಸ್ಸಿನಿಂದಲೇ ಸ್ವಲ್ಪಸ್ವಲ್ಪವಾಗಿ ತಿಳಿಸುತ್ತ ಬಂದು, 12ರ ಹೊತ್ತಿಗೆ ಪೂರ್ತಿ ಹೇಳುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೇಗೆ ಹೇಳಬೇಕೆಂದು ತೋಚದಿದ್ದರೆ ಎಆರ್‌ಟಿ ಕೇಂದ್ರದ ಸಮಾಲೋಚಕರು ಜೊತೆಗೆ ಕೂರುತ್ತಾರೆ.

ಮಾದಾಪುರದ ಕಡೆ ಇನ್ನೊಂದು ಅಡ್ಡಿ ಮಳೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಹಟ್ಟಿಹೊಳೆ–ಮಾದಾಪುರದ ದಾರಿಯೇ ಕಡಿದುಹೋಗಿತ್ತು. ಆರೋಗ್ಯ ಸ್ಥಿರವಾಗಿರುವವರಿಗೆ ಕೆಲವು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಏರ್ಪಾಡಿದೆ. ಮಳೆಗಾಲಕ್ಕೆ ಮುಂಚೆಯೇ ಅದನ್ನು ಕೇಳಿ ಪಡೆಯಿರಿ. ಓದಿಗೆಂದು ಮೈಸೂರಿಗೋ ಮಂಗಳೂರಿಗೋ ಹೋಗುವವರು, ತೋಟದ ಕೆಲಸ ಮುಗಿಸಿ ಬೇರೆ ಜಿಲ್ಲೆಗೆ ತೆರಳುವ ಕುಟುಂಬದವರು ವರ್ಗಾವಣೆ ಪತ್ರ ಪಡೆದರೆ ಅಲ್ಲಿನ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ.

ಕಾನೂನು ಏನು ಹೇಳುತ್ತದೆ?

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಹೊರಹಾಕುವುದು, ಬೇರೆ ಕೂರಿಸುವುದು ತಪ್ಪು. ಪ್ರವೇಶಕ್ಕೆ ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ಚಿಕಿತ್ಸೆ ನೀಡುವವರು ಒಪ್ಪಿಗೆಯಿಲ್ಲದೆ ವಿಷಯ ಹೊರಗೆ ಹೇಳುವಂತಿಲ್ಲ. ಎಚ್‌ಐವಿ ಬಾಧಿತ ಮನೆಯ ವ್ಯವಹಾರ ನೋಡಿಕೊಳ್ಳುವಷ್ಟು ತಿಳಿವಳಿಕೆಯಿರುವ 12ರಿಂದ 18ರ ಅಕ್ಕ ಅಥವಾ ಅಣ್ಣ, ಶಾಲೆ ಸೇರಿಸುವುದು, ಚಿಕಿತ್ಸೆ ಕೊಡಿಸುವಂಥ ಕೆಲಸಗಳಿಗೆ ತಮ್ಮ-ತಂಗಿಯರ ಪೋಷಕರಾಗಿ ಸಹಿ ಹಾಕಬಹುದು.

ಶಿಕ್ಷಕರಿಗೆ ಯಾವ ಮಗುವಿಗೆ ಸೋಂಕಿದೆ ಎಂದು ಗೊತ್ತಾಗಬೇಕಿಲ್ಲ. ಆಟದಲ್ಲಿ ಯಾರಿಗೆ ಗಾಯವಾದರೂ ಗ್ಲೌಸ್ ಹಾಕಿಯೇ ರಕ್ತ ಒರೆಸುವ ಅಭ್ಯಾಸವಿದ್ದರೆ ಸಾಕು. ತರಗತಿಯಲ್ಲಿ ಎಚ್‌ಐವಿ ಪಾಠ ಬಂದಾಗ ಪುಟ ಹಾರಿಸದೆ ಓದಿಸಿ. ಕಾಂಡೋಮ್ ಎಂಬ ಮಾತನ್ನು ಉಗುಳು ನುಂಗದೆ ಹೇಳಿ. ಬೋರ್ಡಿನ ಮೂಲೆಯಲ್ಲಿ 1097 ಎಂದು ಬರೆಯಿರಿ. ಅದು ಉಚಿತ ಸಹಾಯವಾಣಿ. ಕರೆ ಮಾಡಲು ಯಾರ ಅಪ್ಪಣೆಯೂ ಬೇಡ.