ಅಂತ್ಯಕ್ರಿಯೆಯ ವೃತ್ತಿ: ಕಲಿಯುವುದೆಲ್ಲಿ, ಖರ್ಚೆಷ್ಟು?

ಚಾಮರಾಜನಗರ: ಸಾವಿನ ಮನೆಗೆ ನೆಂಟರಿಷ್ಟರ ಹಿಂದೆಯೇ ಬರುವವರು ಗುಂಡಿ ತೋಡುವವರು, ಚಟ್ಟ ಕಟ್ಟುವವರು, ತಮಟೆ ಬಾರಿಸುವವರು. ಚಾಮರಾಜನಗರ ತಾಲ್ಲೂಕಿನ ಕುದೇರಿನಂತಹ ಊರುಗಳಲ್ಲಿ ಈ ಕೆಲಸಗಳನ್ನು ಹಂಚಿಕೊಟ್ಟದ್ದು ರೂಢಿ. ಯಾವ ಶಾಲೆಯೂ ಅಲ್ಲ. ಆದರೆ ನಗರಗಳಲ್ಲಿ ಇದು ಈಗ ಒಂದು ಉದ್ಯಮ. ಶೀತಲ ಪೆಟ್ಟಿಗೆ, ಶವವಾಹನ, ಪುರೋಹಿತರು, ದಾಖಲೆಪತ್ರ ಎಲ್ಲವನ್ನೂ ಒಂದೇ ಕರೆಗೆ ಒದಗಿಸುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಹಳ್ಳಿಯ ಯುವಕನೊಬ್ಬ ಈ ವೃತ್ತಿಗೆ ಇಳಿಯಬೇಕೆಂದರೆ ತರಬೇತಿಯ ಖರ್ಚನ್ನು ಭರಿಸಬಲ್ಲನೇ?

ಪರವಾನಗಿಯ ಪ್ರಶ್ನೆ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ವೃತ್ತಿಗೆ ಕಾಲೇಜು ವ್ಯಾಸಂಗ, ಪರೀಕ್ಷೆ, ಅನುಭವಿಗಳ ಕೈಕೆಳಗೆ ಅಭ್ಯಾಸ, ಆ ಬಳಿಕ ಪರವಾನಗಿ ಕಡ್ಡಾಯ. ಶುಲ್ಕಕ್ಕಾಗಿ ಸಾಲ ಮಾಡುವ ವಿದ್ಯಾರ್ಥಿಗಳು ಅಲ್ಲಿ ಸಾಮಾನ್ಯ. ಭಾರತದಲ್ಲಿ ಅಂತ್ಯಕ್ರಿಯೆ ವ್ಯವಸ್ಥಾಪಕನಾಗಲು ಅಂತಹ ಪದವಿಯ ಕಡ್ಡಾಯವಿಲ್ಲ. ಇದು ಮೇಲ್ನೋಟಕ್ಕೆ ಅನುಕೂಲ. ಆದರೆ ಪ್ರಮಾಣಪತ್ರವಿಲ್ಲದ ಕಸುಬಿಗೆ ವಿದ್ಯಾರ್ಥಿವೇತನವೂ ಇಲ್ಲ, ನಿಗದಿತ ಕೂಲಿಯೂ ಇಲ್ಲ.

ಕಲಿಯಬೇಕಾದುದೇನು?

ಮೊದಲನೆಯದು ಸಂಪ್ರದಾಯಗಳ ಅರಿವು. ವೀರಶೈವ ಲಿಂಗಾಯತರಲ್ಲಿ ಮೃತರನ್ನು ಕುಳಿತ ಭಂಗಿಯಲ್ಲಿರಿಸಿ, ವಿಭೂತಿ, ಬಿಲ್ವಪತ್ರೆಗಳೊಂದಿಗೆ ಸಮಾಧಿ ಮಾಡುವುದು ವಾಡಿಕೆ. ಆ ಗುಂಡಿಯ ಅಳತೆ, ಆಕಾರಗಳೇ ಬೇರೆ. ದಹನ ಮಾಡುವವರ ಕ್ರಮ ಬೇರೆ, ಮುಸ್ಲಿಮರ ದಫನ, ಕ್ರೈಸ್ತರ ಪೆಟ್ಟಿಗೆಯ ವಿಧಿ ಬೇರೆ. ಇದು ಹಿರಿಯರ ಜೊತೆ ಕೆಲಸ ಮಾಡಿಯೇ ಕಲಿಯುವಂಥದ್ದು.

ಎರಡನೆಯದು ಕಾಗದಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ವಿಮಾನದಲ್ಲಿ ಶವ ಸಾಗಿಸಲು ಮರಣ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಎಂಬಾಮಿಂಗ್ ಪ್ರಮಾಣಪತ್ರಗಳನ್ನು ಕೇಳುತ್ತಾರೆ.

ಮೂರನೆಯದು ಎಂಬಾಮಿಂಗ್. ತೊಡೆಯ ಅಥವಾ ಕತ್ತಿನ ಅಪಧಮನಿಯ ಮೂಲಕ ಫಾರ್ಮಲಿನ್ ಮಿಶ್ರಿತ ದ್ರವ ಹಾಯಿಸಿ ಶವ ಕೆಡದಂತೆ ಕಾಪಾಡುವ ವಿಧಾನವಿದು. ಸಾಮಾನ್ಯವಾಗಿ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳು ಇದನ್ನು ನೆರವೇರಿಸುತ್ತವೆ. ಹಳ್ಳಿಯ ವೃತ್ತಿಗಾರನು ಇದನ್ನು ತಾನೇ ಕಲಿಯುವುದಕ್ಕಿಂತ ಎಲ್ಲಿ, ಹೇಗೆ ಮಾಡಿಸಬೇಕೆಂದು ತಿಳಿದಿದ್ದರೆ ಸಾಕು.

ಹಣದ ದಾರಿ

ಹೀಗಾಗಿ ಇಲ್ಲಿ ಶುಲ್ಕಕ್ಕಿಂತ ದೊಡ್ಡ ಹೊರೆ ಕಲಿಯುವ ತಿಂಗಳುಗಳಲ್ಲಿ ತಪ್ಪುವ ದಿನಗೂಲಿ ಮತ್ತು ಸಲಕರಣೆಯ ಬಂಡವಾಳ. ಲೆಕ್ಕಪತ್ರ, ಗ್ರಾಹಕ ವ್ಯವಹಾರಗಳನ್ನು ಕಲಿಯಲು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಈ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. 2015ರಲ್ಲಿ ಜಾರಿಗೆ ಬಂದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ ಆಧಾರವಿಲ್ಲದೆ 50,000 ರೂಪಾಯಿವರೆಗೆ ಸಾಲಕ್ಕೆ ಅವಕಾಶವಿದೆ. ಶವವಾಹನದಂತಹ ದೊಡ್ಡ ವೆಚ್ಚಕ್ಕೆ ಅದು ಸಾಲದು.

2023ರ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಗಳಿಗೆ ತಲಾ 500 ರೂ. ಭತ್ಯೆ, ಸಲಕರಣೆಗೆ 15,000 ರೂ. ನೆರವು ಇದೆ. ತಪ್ಪುವ ದಿನಗೂಲಿಗೆ ಸರಿಯಾದ ಉತ್ತರವಿದು. ಅದರ 18 ಕಸುಬುಗಳಲ್ಲಿ ಮಡಕೆ ಮಾಡುವ ಕುಂಬಾರ, ಬಿದಿರು ಹೆಣೆಯುವವ, ಹೂಮಾಲೆ ಕಟ್ಟುವವ, ಕ್ಷೌರಿಕ, ಅಗಸ, ಬಡಗಿ ಎಲ್ಲರೂ ಇದ್ದಾರೆ. ಸಾವಿನ ಮನೆಗೆ ಬೇಕಾಗುವ ಹೆಚ್ಚಿನ ಕೈಗಳು ಪಟ್ಟಿಯಲ್ಲಿವೆ. ಗುಂಡಿ ತೋಡುವ ಕೈ ಮಾತ್ರ ಇಲ್ಲ.

ಮರ್ಯಾದೆಯ ಮಾತು

ಈ ಲೋಪ ಆಕಸ್ಮಿಕವೆನಿಸಿದರೂ ಅದರ ಹಿಂದೆ ಜಾತಿಯ ಇತಿಹಾಸವಿದೆ. ಗುಂಡಿ ತೋಡುವುದನ್ನು ಬಹುಕಾಲ ದಲಿತರ ಬಿಟ್ಟಿ ಚಾಕರಿಯೆಂದು ಕಂಡ ಸಮಾಜಕ್ಕೆ ಅದರಲ್ಲೊಂದು ಕೌಶಲವಿದೆ ಎಂದು ತೋರಲಿಲ್ಲ. ಕೋವಿಡ್ ಕಾಲದಲ್ಲಿ, ಮನೆಯವರೇ ಹತ್ತಿರ ಸುಳಿಯಲು ಅಂಜಿದಾಗ, ಆ ಕೌಶಲದ ಬೆಲೆ ಎಲ್ಲರಿಗೂ ತಿಳಿಯಿತು. 2022ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಸ್ಮಶಾನ ಕಾರ್ಮಿಕರನ್ನು 'ಸತ್ಯ ಹರಿಶ್ಚಂದ್ರ ಬಳಗ' ಎಂದು ಕರೆಯಲು ನಿರ್ಧರಿಸಿತು.

ಹೆಸರು ನಗರದವರಿಗೆ ದೊರೆಯಿತು. ಹಳ್ಳಿಯಲ್ಲಿ ಹಾರೆ ಹಿಡಿದವನಿಗೆ ಒಂದು ವಾರದ ತರಬೇತಿ, ಒಂದು ಪ್ರಮಾಣಪತ್ರ, ಮಾತಾಡಿ ನಿಗದಿ ಮಾಡಿದ ಕೂಲಿ ದೊರೆತರೆ, ತಲೆಮಾರುಗಳ ಚಾಕರಿ ವೃತ್ತಿಯಾಗಬಲ್ಲದು. ಇಲ್ಲವಾದರೆ ಬಂಡವಾಳವುಳ್ಳವರು ಉದ್ಯಮ ಕಟ್ಟುತ್ತಾರೆ. ಗುಂಡಿ ತೋಡುವವರು ಗುಂಡಿಯ ಬಳಿಯಲ್ಲೇ ಉಳಿಯುತ್ತಾರೆ.